ಸುದ್ದಿಯಲ್ಲಿ ಬಂದ ವಿದ್ವಾಂಸರ ಪುಸ್ತಕ ಪುಕ್ಕಟೆ ಸಿಗುತ್ತಿದೆ, ಖರ್ಚು ಯಾರದ್ದು?

ಇತಿಹಾಸದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಒಂದು ಅನುದಾನಿತ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಗ್ರೀಸಿನ ಪುರಾತನ ದೇವಾಲಯ ಪಾರ್ಥೆನಾನ್‌ನ ಶಿಲ್ಪಗಳನ್ನು ಬ್ರಿಟಿಷ್ ಮ್ಯೂಸಿಯಂ ಗ್ರೀಸಿಗೆ ವಾಪಸ್ ಕೊಡಬೇಕೋ ಬೇಡವೋ ಅನ್ನುವ ಜಗಳ ಪೇಪರಿನಲ್ಲಿ ಬರುತ್ತಲೇ ಇರುತ್ತದೆ, ಅಲ್ವಾ? ಆ ಸುದ್ದಿ ಓದುವಾಗ ವಿಲಿಯಂ ಸೇಂಟ್ ಕ್ಲೇರ್ ಅನ್ನುವವರ ಹೆಸರು ಸಿಕ್ಕಿತು. 1930ರ ದಶಕದ ಕೊನೆಯಲ್ಲಿ ಮ್ಯೂಸಿಯಂನವರೇ ಆ ಶಿಲ್ಪಗಳನ್ನು ತಾಮ್ರದ ಉಳಿಗಳಿಂದ ಉಜ್ಜಿ ಮೇಲ್ಪದರ ಕಿತ್ತಿದ್ದರು ಅಂತ 1998ರಲ್ಲಿ ದಾಖಲೆ ಸಮೇತ ಬರೆದವರು ಇವರು. ದೊಡ್ಡ ಗದ್ದಲ ಆಗಿ ಮ್ಯೂಸಿಯಂ ಮರುವರ್ಷ ಆ ವಿಷಯಕ್ಕೇ ಸಮ್ಮೇಳನ ಕರೆಯಬೇಕಾಯಿತು.

ಅವರು 2021ರಲ್ಲಿ ತೀರಿಕೊಂಡರು. ಪಾರ್ಥೆನಾನ್ ಬಗ್ಗೆಯೇ ಬರೆದ ಕೊನೆಯ ದಪ್ಪ ಪುಸ್ತಕ 2022ರಲ್ಲಿ ಬಂದಿದೆ. ಬೆಲೆ ನೋಡಿ ಕೈಬಿಡೋಣ ಅಂದುಕೊಂಡೇ ಹುಡುಕಿದೆ. ಇಡೀ ಪುಸ್ತಕ ಪಿಡಿಎಫ್‌ನಲ್ಲಿ ಇದೆ! ಇಮೇಲ್ ಕೇಳಲಿಲ್ಲ, ಕಾರ್ಡ್ ಕೇಳಲಿಲ್ಲ. ಪ್ರಕಾಶಕರು ಕೇಂಬ್ರಿಡ್ಜಿನ ಓಪನ್ ಬುಕ್ ಪಬ್ಲಿಷರ್ಸ್.

ನನ್ನ ಪ್ರಶ್ನೆ ಎರಡು. ಇಂಥವರ ಖರ್ಚು ಹೇಗೆ ನಡೆಯುತ್ತದೆ? ಇವರನ್ನು ನಂಬಬಹುದಾ? ನನ್ನ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಪುಸ್ತಕ ತರುವ ಯೋಚನೆಯಲ್ಲಿದ್ದಾಳೆ. ಅವಳಿಗೆ ಏನು ಹೇಳಲಿ?

ಲೈಬ್ರರಿ ಮೇಡಂ
ಸರ್, ನಂಬಬಹುದು. ಓಪನ್ ಬುಕ್ ಪಬ್ಲಿಷರ್ಸ್ 2008ರಲ್ಲಿ ಶುರುವಾಗಿದ್ದು. ಕಟ್ಟಿದವರೆಲ್ಲ ವಿದ್ವಾಂಸರು, ಲಾಭದ ಕಂಪನಿ ಅಲ್ಲ. ನೀವು ಹೇಳಿದ ಸೇಂಟ್ ಕ್ಲೇರ್ ಅವರೇ ಕಟ್ಟಿದವರಲ್ಲಿ ಒಬ್ಬರು. ಪುಸ್ತಕಗಳು ಎಷ್ಟು ದುಬಾರಿಯಾಗಿದ್ದವು, ಅದರಿಂದ ಯಾರಿಗೆ ಓದು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದನ್ನೇ ಅವರು ಬಹಳ ಕಾಲ ಅಧ್ಯಯನ ಮಾಡಿದ್ದರು.

ದುಡ್ಡು ಮೂರು ಕಡೆಯಿಂದ ಬರುತ್ತದೆ. ಅಚ್ಚಿನ ಪ್ರತಿ ಮಾರಾಟ, ಅದೂ ಯಾರಾದರೂ ಆರ್ಡರ್ ಕೊಟ್ಟ ಮೇಲೆ ಒಂದೊಂದೇ ಪ್ರತಿ ಮುದ್ರಿಸುವ ಪದ್ಧತಿ, ಗೋಡೌನ್ ಖರ್ಚಿಲ್ಲ. ಎರಡನೆಯದು ಲೈಬ್ರರಿಗಳು ವರ್ಷಕ್ಕಿಷ್ಟು ಅಂತ ಕೊಡುವ ಸದಸ್ಯತ್ವದ ಹಣ. ಮೂರನೆಯದು ಅನುದಾನ. ಲೇಖಕರು ದುಡ್ಡು ಕೊಡಲೇಬೇಕು ಅನ್ನುವ ಷರತ್ತು ಇಲ್ಲ. ಹಸ್ತಪ್ರತಿಯನ್ನು ಹೊರಗಿನ ತಜ್ಞರು ಓದಿ ಒಪ್ಪಿದ ಮೇಲೇ ಪುಸ್ತಕ ಆಗುವುದು.

ಬಿಸಿಲೂರು
ಪುಕ್ಕಟೆ ಕೊಡೋದರಲ್ಲಿ ಕ್ವಾಲಿಟಿ ಇರಲ್ಲ. ಅನುಭವದ ಮಾತು.

ಶರಾವತಿ
@ಬಿಸಿಲೂರು ಯಾವ ಅನುಭವ, ಸ್ವಲ್ಪ ಬಿಡಿಸಿ ಹೇಳಿ?

ಬಿಸಿಲೂರು
ಹೇಳುತ್ತೇನೆ. ನಮ್ಮ ವಿಭಾಗದಲ್ಲಿ ಸಹೋದ್ಯೋಗಿಯೊಬ್ಬರಿಗೆ ಬಡ್ತಿಗೆ ಲೇಖನ ಬೇಕಿತ್ತು. ಒಂದು 'ಅಂತಾರಾಷ್ಟ್ರೀಯ' ಜರ್ನಲ್‌ನಿಂದ ಮೇಲ್ ಬಂತು. ನಾಲ್ಕು ದಿನದಲ್ಲಿ ಪ್ರಕಟಣೆ, ಶುಲ್ಕ ಇಷ್ಟು, ಗೂಗಲ್ ಪೇ ಮಾಡಿ ಅಂತ. ಹೊರಗಿನವರು ಓದಿ ಕೊಟ್ಟ ಅಭಿಪ್ರಾಯ ಅಂತ ಕಳಿಸಿದ್ದು ಒಂದೇ ಸಾಲು: 'ಚೆನ್ನಾಗಿದೆ, ಸ್ವೀಕರಿಸಬಹುದು.' ಅದರ ಮುಖಪುಟದಲ್ಲೂ ದಪ್ಪ ಅಕ್ಷರದಲ್ಲಿ ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದು ಅಂತಲೇ ಬರೆದಿತ್ತು. ಈಗ ಆ ವೆಬ್‌ಸೈಟೇ ಇಲ್ಲ. ಲೇಖನವೂ ಹೋಯಿತು, ದುಡ್ಡೂ ಹೋಯಿತು. ಆಮೇಲೆ ನಾನು ಇದನ್ನು ಹೇಗೆ ನಂಬಲಿ?

ಲೈಬ್ರರಿ ಮೇಡಂ
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಬೇರೆ ಜಾತಿ. ಅವರು ವ್ಯಾಪಾರ ಮಾಡುವುದು ಓದುಗರ ಜೊತೆ ಅಲ್ಲ, ಬರೆಯುವವರ ಜೊತೆ. ಜಾಸ್ತಿ ಲೇಖನ ಒಪ್ಪಿದಷ್ಟೂ ಜಾಸ್ತಿ ದುಡ್ಡು. ಹಾಗಾಗಿ ತಿರಸ್ಕರಿಸಲು ಅವರಿಗೆ ಕಾರಣವೇ ಇಲ್ಲ.

ಲೇಖಕರಿಂದ ವಸೂಲಿ ಮಾಡುವುದರಲ್ಲಿ ದೊಡ್ಡ ಹೆಸರಿನವರೂ ಹಿಂದೆ ಬಿದ್ದಿಲ್ಲ. 'ನೇಚರ್' ವಿಜ್ಞಾನ ಪತ್ರಿಕೆ 2020ರಲ್ಲಿ ಓಪನ್ ಆಕ್ಸೆಸ್ ದರ ಪ್ರಕಟಿಸಿತು. ಒಂದು ಲೇಖನಕ್ಕೆ 9,500 ಯೂರೋ! ನಮ್ಮ ಕಡೆ ಅತಿಥಿ ಉಪನ್ಯಾಸಕರ ಒಂದು ವರ್ಷದ ಗಳಿಕೆಯೂ ಅಷ್ಟಾಗುವುದಿಲ್ಲ. ಮೇಷ್ಟ್ರು ಹೇಳುತ್ತಿರುವ ಪ್ರಕಾಶಕರು ಮೂರನೇ ಗುಂಪು. ಓದುವವರಿಂದಲೂ ಇಲ್ಲ, ಬರೆಯುವವರಿಂದಲೂ ಕಡ್ಡಾಯ ಇಲ್ಲ. ಇದಕ್ಕೆ ಡೈಮಂಡ್ ಓಪನ್ ಆಕ್ಸೆಸ್ ಅನ್ನುತ್ತಾರೆ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಬೇಡಿ, ದಯವಿಟ್ಟು.

ದೂರದೂರಿನ ಕನ್ನಡಿಗ
ನಾನು ಜರ್ಮನಿಯಲ್ಲಿ ಭಾಷಾವಿಜ್ಞಾನ ಓದುತ್ತಿದ್ದೇನೆ. ಇಲ್ಲಿ ಬರ್ಲಿನ್‌ನಲ್ಲಿ ಲ್ಯಾಂಗ್ವೇಜ್ ಸೈನ್ಸ್ ಪ್ರೆಸ್ ಇದೆ. ಸ್ಟೆಫಾನ್ ಮ್ಯುಲ್ಲರ್, ಮಾರ್ಟಿನ್ ಹಾಸ್ಪೆಲ್‌ಮಾತ್ ಸೇರಿ ಕಟ್ಟಿದ್ದು. ಓದುಗರಿಗೂ ಪುಕ್ಕಟೆ, ಲೇಖಕರಿಗೂ ಪುಕ್ಕಟೆ.

ಕ್ವಾಲಿಟಿ ಬಗ್ಗೆ ಮಾತು ಬಂತಲ್ಲ, ಅಲ್ಲಿ ಕರಡು ತಿದ್ದುವ ಕ್ರಮ ಹೇಳುತ್ತೇನೆ. ತಜ್ಞರು ಒಪ್ಪಿದ ಮೇಲೆ ಪುಸ್ತಕವನ್ನು ಅಧ್ಯಾಯ ಅಧ್ಯಾಯವಾಗಿ ಸ್ವಯಂಸೇವಕರಿಗೆ ಹಂಚುತ್ತಾರೆ. ಎಲ್ಲರೂ ಅದೇ ವಿಷಯ ಓದಿಕೊಂಡವರು. ಪಿಡಿಎಫ್ ಪಕ್ಕದಲ್ಲೇ ಟಿಪ್ಪಣಿ ಹಾಕುತ್ತಾ ಹೋಗಬೇಕು. ಇಲ್ಲಿ ಉದಾಹರಣೆಯ ಸಂಖ್ಯೆ ತಪ್ಪಿದೆ, ಇಲ್ಲಿ ಪ್ರತ್ಯಯದ ಕೆಳಗಿನ ಅರ್ಥ ಒಂದು ಕಾಲಂ ಸರಿದಿದೆ, ಈ ವಾಕ್ಯ ಹಿಂದಿನ ಪುಟಕ್ಕೆ ವಿರುದ್ಧ, ಹೀಗೆ. ಒಂದು ಅಧ್ಯಾಯದ ಮೇಲೆ ಇಬ್ಬರು ಮೂವರ ಟಿಪ್ಪಣಿ ಬಿದ್ದಿರುತ್ತದೆ. ಲೇಖಕರು ಅವನ್ನೆಲ್ಲ ನೋಡಿ ತಿದ್ದುತ್ತಾರೆ. ತಿದ್ದಿದವರ ಹೆಸರುಗಳನ್ನು ಪುಸ್ತಕದ ಮೊದಲ ಪುಟಗಳಲ್ಲೇ ಹಾಕುತ್ತಾರೆ. ದುಬಾರಿ ಪ್ರಕಾಶಕರಲ್ಲಿ ಇಷ್ಟು ಜನ ಇಷ್ಟು ಹತ್ತಿರದಿಂದ ನೋಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಶರಾವತಿ
ಭಾಷಾವಿಜ್ಞಾನದವರೇ ಅಲ್ವಾ ಒಂದು ಜರ್ನಲ್‌ನಿಂದ ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದವರು?

ದೂರದೂರಿನ ಕನ್ನಡಿಗ
ಹೌದು, 'ಲಿಂಗ್ವಾ'. 2015ರಲ್ಲಿ ಸಂಪಾದಕರೂ ಸಂಪಾದಕ ಮಂಡಳಿಯೂ ಅದರ ಪ್ರಕಾಶನ ಕಂಪನಿ ಎಲ್ಸೆವಿಯರ್ ಜೊತೆ ಜಗಳವಾಡಿ ಹೊರಬಂದರು. ಯೋಹಾನ್ ರೋರಿಕ್ ಮುಂದಾಳು. ಹೊರಬಂದು ಕಟ್ಟಿದ ಹೊಸ ಜರ್ನಲ್ಲೇ 'ಗ್ಲೋಸಾ'. 2023ರಲ್ಲಿ 'ನ್ಯೂರೋಇಮೇಜ್' ಸಂಪಾದಕರೂ ಇದನ್ನೇ ಮಾಡಿದರು. ಒಂದು ಲೇಖನಕ್ಕೆ ಲೇಖಕರಿಂದ 3,450 ಡಾಲರ್ ಶುಲ್ಕ ಅಂದರೆ ತುಂಬಾ ಜಾಸ್ತಿ, ಇಳಿಸಿ ಅಂತ ಕೇಳಿದರು. ಇಳಿಸಲಿಲ್ಲ. ನಲವತ್ತಕ್ಕೂ ಜಾಸ್ತಿ ಜನ ಎದ್ದು ಹೊರಟರು. ಎರಡೂ ಸಲ ದೊಡ್ಡ ಸುದ್ದಿಯಾಯಿತು.

ಬಿಸಿಲೂರು
ಸುದ್ದಿಯಾಗುವುದನ್ನೇ ದೊಡ್ಡದು ಮಾಡಬೇಡಿ. 2020ರ ಜನವರಿ ಕೊನೆಯಲ್ಲಿ ದೆಹಲಿಯ ಸಂಶೋಧಕರ ಒಂದು ಲೇಖನ ಬಂತು, ಕೊರೊನಾ ವೈರಸ್‌ನಲ್ಲಿ ಎಚ್‌ಐವಿ ಹೋಲುವ ತುಣುಕುಗಳಿವೆ ಅಂತ. ಯಾರೂ ಪರಿಶೀಲಿಸದೆ ನೇರ ನೆಟ್‌ಗೆ ಹಾಕಿದ್ದು. ಜಗತ್ತಿನ ತುಂಬಾ ಸುದ್ದಿಯಾಯಿತು, ಎಷ್ಟೋ ಸುಳ್ಳು ಕಥೆಗಳಿಗೆ ಗೊಬ್ಬರ ಆಯಿತು. ಯಾರು ಬೇಕಾದರೂ ಓದಲಿ ಅಂತ ತೆರೆದಿಟ್ಟರೆ ಹೀಗೂ ಆಗುತ್ತದೆ.

ಜೀವಕೋಶ
ಅದು ಬಯೋಆರ್ಕೈವ್ ಅನ್ನುವ ಜಾಲತಾಣಕ್ಕೆ ಹಾಕಿದ ಪ್ರಿಪ್ರಿಂಟ್. ಪರಿಶೀಲನೆಗೆ ಮೊದಲಿನ ಕರಡು ಅಂತ ಪುಟದಲ್ಲೇ ಬರೆದಿರುತ್ತಾರೆ. ಎರಡು ದಿನದಲ್ಲಿ ವಾಪಸ್ ತೆಗೆದುಕೊಂಡರು, ಯಾಕೆ ಹೇಳಿ? ಎಲ್ಲರಿಗೂ ಕಾಣುತ್ತಿದ್ದರಿಂದ ಜಗತ್ತಿನ ವಿಜ್ಞಾನಿಗಳು ಅದೇ ಪುಟದ ಕೆಳಗೆ ಬಂದು ತಪ್ಪು ತೋರಿಸಿದರು.

ಈಗ ಇನ್ನೊಂದು ಕಡೆ ನೋಡಿ. ಅದೇ ವರ್ಷ ಮೇ 22ಕ್ಕೆ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂತು, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯಿಂದ ಅಪಾಯ ಅಂತ. ಅತ್ಯಂತ ಪ್ರತಿಷ್ಠಿತ ಪತ್ರಿಕೆ, ತಜ್ಞರ ಪರಿಶೀಲನೆಯೂ ಆಗಿತ್ತು. ಸರ್ಜಿಸ್ಫಿಯರ್ ಅನ್ನುವ ಕಂಪನಿಯ ಅಂಕಿಅಂಶ. ಅದನ್ನು ನಂಬಿ ಡಬ್ಲ್ಯುಎಚ್‌ಒ ಆ ಔಷಧಿಯ ಪ್ರಯೋಗವನ್ನೇ ತಡೆಹಿಡಿಯಿತು. ಮೂಲ ಅಂಕಿಅಂಶ ತೋರಿಸಿ ಅಂದಾಗ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸ್. ಹಾಗಾದರೆ ದುಬಾರಿ ಬಾಗಿಲು ಏನನ್ನು ಕಾಪಾಡಿತು?

ಬಿಸಿಲೂರು
ಆ ಉದಾಹರಣೆ ಒಪ್ಪುತ್ತೇನೆ. ಆದರೂ ಸಾಮಾನ್ಯ ಓದುಗನಿಗೆ ಕರಡು ಯಾವುದು, ಪಕ್ಕಾ ಯಾವುದು ಅಂತ ಗೊತ್ತಾಗುವುದಿಲ್ಲ. ಟಿವಿಯವರಿಗಂತೂ ಗೊತ್ತಾಗುವುದೇ ಇಲ್ಲ.

ಜೀವಕೋಶ
ಅದು ಟಿವಿಯವರ ಜವಾಬ್ದಾರಿ. ಬಾಗಿಲು ಮುಚ್ಚಿದರೆ ಅದು ಸರಿಹೋಗಲ್ಲ.

ಮೊಳೆ ಜೋಡಿಸುವವ
ನಾನು ಸಣ್ಣ ಪ್ರಕಾಶಕ. ಕನ್ನಡದಲ್ಲಿ ವಿಮರ್ಶೆ, ಸಂಶೋಧನೆ ಪುಸ್ತಕ ಹಾಕುತ್ತೇನೆ. ಪಿಡಿಎಫ್ ಪುಕ್ಕಟೆ ಬಿಡಿ ಅಂತ ಹೇಳುವುದು ಸುಲಭ. ಕಾಗದದ ರೇಟು ನೋಡಿದ್ದೀರಾ? ಡಿಟಿಪಿ, ಕರಡು, ಮುಖಪುಟ, ಬೈಂಡಿಂಗ್ ಎಲ್ಲ ಸೇರಿ ಮೊದಲೇ ಕೈಯಿಂದ ಹಾಕಿರುತ್ತೇವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಿಲ್ಲು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕೇಂಬ್ರಿಡ್ಜಿನವರಿಗೆ ಸದಸ್ಯತ್ವ ಕೊಡುವ ಲೈಬ್ರರಿಗಳಿವೆ. ನಮಗೆ ಯಾರು ಕೊಡುತ್ತಾರೆ?

ಲೈಬ್ರರಿ ಮೇಡಂ
ಸರ್, ನೀವು ಹೇಳಿದ್ದೇ ಅಸಲಿ ಪ್ರಶ್ನೆ. ಪುಕ್ಕಟೆ ಅನ್ನುವುದು ಓದುವವನಿಗೆ ಮಾತ್ರ. ಮಾಡುವವರಿಗೆ ಖರ್ಚು ಇದ್ದೇ ಇದೆ, ಅದನ್ನು ಯಾರಾದರೂ ಮೊದಲೇ ಕೊಡಬೇಕು. ಸರ್ಕಾರ ಖರ್ಚು ಮಾಡುತ್ತಿದೆ, ಆದರೆ ಎಲ್ಲಿಗೆ? 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300 ಸರ್ಕಾರಿ ಸಂಸ್ಥೆಗಳು. ಒಳ್ಳೆಯದೇ, ನಮ್ಮ ವಿದ್ಯಾರ್ಥಿಗಳಿಗೆ ಓದಲು ಸಿಗುತ್ತದೆ. ಆದರೆ ಆ ಹಣ ಹೋಗುವುದು ಮುಖ್ಯವಾಗಿ ಹೊರದೇಶದ ದೊಡ್ಡ ಕಂಪನಿಗಳಿಗೆ. ಚಂದಾ ನಿಂತ ದಿನ ಓದೂ ನಿಲ್ಲುತ್ತದೆ. ಅದರ ಒಂದು ಚೂರು ಹಣ ಇಲ್ಲಿನ ಸ್ವತಂತ್ರ ಪ್ರಕಾಶಕರಿಗೆ ಬಂದರೆ, ಬಂದ ಪುಸ್ತಕ ಎಂದೆಂದಿಗೂ ಎಲ್ಲರಿಗೂ ಉಳಿಯುತ್ತದೆ. ನಾನು ಕೇಳುವುದು ಇಷ್ಟೇ.

ಇತಿಹಾಸದ ಮೇಷ್ಟ್ರು
ಆ ಯೋಜನೆ ಸರ್ಕಾರ ನಡೆಸುವ ಸಂಸ್ಥೆಗಳಿಗೆ. ನಮ್ಮಂಥ ಖಾಸಗಿ ಆಡಳಿತದ ಕಾಲೇಜಿನವರು ಹೊರಗೇ ಇದ್ದೇವೆ. ಪುಸ್ತಕಗಳಂತೂ ಅದರಲ್ಲಿ ಇಲ್ಲ, ಬರೀ ಜರ್ನಲ್. ಇತಿಹಾಸದವರಿಗೆ ಬೇಕಾಗಿರುವುದು ಪುಸ್ತಕ.

ಕಾಫಿ ಕಪ್ಪು
ಸುಮ್ನೆ ಸೈ-ಹಬ್ ಅನ್ನುವ ಕಳ್ಳಪ್ರತಿ ಸೈಟಿನಲ್ಲಿ ತೆಗೆದುಕೊಳ್ಳಿ ಮೇಷ್ಟ್ರೇ, ಇಷ್ಟೆಲ್ಲ ಯಾಕೆ.

ಜೀವಕೋಶ
ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಮೂವರು ಪ್ರಕಾಶಕರೂ ಸೇರಿ 2020ರ ಕೊನೆಯಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅದರ ಮೇಲೆ ಕೇಸು ಹಾಕಿದರು. 2025ರ ಆಗಸ್ಟ್‌ನಲ್ಲಿ ಕೋರ್ಟು ಅದನ್ನು ಬ್ಲಾಕ್ ಮಾಡಲು ಹೇಳಿತು. ಕಾನೂನು ಒಂದು ಕಡೆ ಇರಲಿ. ಇದು ಶಾಶ್ವತ ದಾರಿ ಅಲ್ಲ. ಲೇಖಕರೇ ತೆರೆದಿಟ್ಟರೆ ಯಾರೂ ಕದಿಯಬೇಕಾಗಿಲ್ಲ.

ಬೆಂಗಳೂರಿನವರು ಇದನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಸದಾಶಿವನಗರದಲ್ಲೇ ಇದೆ. ಅವರ ಜರ್ನಲ್‌ಗಳು ಅವರ ಸೈಟಿನಲ್ಲಿ ಪುಕ್ಕಟೆ. 1996ರಿಂದ ಬರುತ್ತಿರುವ 'ರೆಸೊನೆನ್ಸ್' ಸಂಚಿಕೆಗಳನ್ನು ಪಿಯುಸಿ ಮಕ್ಕಳಿಗೂ ಓದಲು ಕೊಡಬಹುದು. ನಾನು ಫಿಸಿಕ್ಸ್ ಕಡೆ ತಿರುಗಿ ಆಮೇಲೆ ಬಯಾಲಜಿಗೆ ಬಂದಿದ್ದು ಅದನ್ನು ಓದಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಕೂಡ ತನ್ನವರ ಲೇಖನಗಳನ್ನು ತೆರೆದಿಡುವ ಭಂಡಾರವನ್ನು 2002ರಲ್ಲೇ ಶುರು ಮಾಡಿತ್ತು.

ಹಳಗನ್ನಡ ಹುಚ್ಚಿ
ವಿಜ್ಞಾನದವರ ಮಾತು ಜಾಸ್ತಿಯಾಯಿತು, ಕನ್ನಡದ ಕಡೆಯೂ ಬನ್ನಿ. ನಮ್ಮ ಪಿಎಚ್‌ಡಿ ಪ್ರಬಂಧಗಳೆಲ್ಲ ಶೋಧಗಂಗಾ ಜಾಲತಾಣದಲ್ಲಿ ಇವೆ ಅಲ್ವಾ? ಯುಜಿಸಿ ನಿಯಮ ಇರುವುದರಿಂದ ಹಾಕಲೇಬೇಕು. ತೆರೆದಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಒಂದು ಕನ್ನಡ ಪ್ರಬಂಧ ತೆಗೆದು 'ವಡ್ಡಾರಾಧನೆ' ಅಂತ ಹುಡುಕಿ ನೋಡಿ. ಶೂನ್ಯ ಫಲಿತಾಂಶ! ಕಣ್ಣೆದುರೇ ಆ ಪದ ಪುಟದಲ್ಲಿದೆ. ಒಂದು ಸಾಲು ಕಾಪಿ ಮಾಡಿ ವರ್ಡ್‌ಗೆ ಹಾಕಿದರೆ ತಲೆಗೆ ಕೊಂಬು, ಬಾಲಕ್ಕೆ ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಬೀಳುತ್ತದೆ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರ ಫಲ ಇದು. ಕೆಲವಂತೂ ಅಚ್ಚು ಮಾಡಿದ್ದನ್ನು ಓರೆಯಾಗಿ ಸ್ಕ್ಯಾನ್ ಮಾಡಿದವು, ಅಂಚಿನ ಅಕ್ಷರ ಅರ್ಧ ಹೋಗಿರುತ್ತದೆ.

ವರ್ಷಗಟ್ಟಲೆ ಊರೂರು ತಿರುಗಿ, ಹಸ್ತಪ್ರತಿ ನೋಡಿ, ಜನರ ಬಾಯಿಂದ ಕೇಳಿ ಬರೆದ ಪ್ರಬಂಧಗಳು ಅವು. ಗೂಗಲ್ಲಿಗೆ ಕಾಣುವುದೇ ಇಲ್ಲ. ಪತ್ರಕರ್ತರಿಗೆ ಕಾಣುವುದಿಲ್ಲ. ಆಮೇಲೆ ಕನ್ನಡ ವಿದ್ವಾಂಸರು ಸುದ್ದಿಯಲ್ಲಿ ಬರುವುದಿಲ್ಲ ಅಂದರೆ ಹೇಗೆ ಬರುತ್ತಾರೆ? ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟ ಇದೆ.

ಮೊಳೆ ಜೋಡಿಸುವವ
ಇದು ನೂರಕ್ಕೆ ನೂರು ನಿಜ. ಡಿಟಿಪಿ ಮಾಡುವವರು ಇವತ್ತಿಗೂ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಬಿಡುವುದಿಲ್ಲ. ಅದರಲ್ಲಿ ಯುನಿಕೋಡ್ ಕನ್ನಡ ಕೂರುವುದಿಲ್ಲ, ಒತ್ತಕ್ಷರ ಒಡೆದು ಹೋಗುತ್ತದೆ. ಹೊಸ ತಂತ್ರಾಂಶ ಇನ್‌ಡಿಸೈನ್‌ಗೆ ಬಂದವರು ಮಾತ್ರ ಬದಲಾಗಿದ್ದಾರೆ.

ಶರಾವತಿ
ಪರಿವರ್ತಕ ತಂತ್ರಾಂಶಗಳಿವೆ, ನುಡಿಯಿಂದ ಯುನಿಕೋಡ್‌ಗೆ. ಮೂಲ ವರ್ಡ್ ಫೈಲ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಅರ್ಕಾವತ್ತು ಇರುವ ಕಡೆ ಮಾತ್ರ ಕಣ್ಣಿಟ್ಟು ನೋಡಬೇಕು.

ಕಾಫಿ ಕಪ್ಪು
ಕನ್ನಡದಲ್ಲಿ ತೆರೆದಿಟ್ಟ ಒಳ್ಳೆ ಕೆಲಸ ಅಂದರೆ 'ಅಲರ್' ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ್ದು. ಒಂದೂವರೆ ಲಕ್ಷ ಪದ. 2019ರಲ್ಲಿ ನೆಟ್‌ಗೆ ಬಂದಾಗ ಪೇಪರಿನಲ್ಲಿ ಅವರ ಬಗ್ಗೆ ಬಂತು. ಬರೀ ಹುಡುಕಲು ಅಲ್ಲ, ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ನಾನು ದಿನಾ ಬಳಸುತ್ತೇನೆ.

ಹಳಗನ್ನಡ ಹುಚ್ಚಿ
@ಕಾಫಿ ಕಪ್ಪು ಹೌದು! ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶವೂ ಹಾಗೆಯೇ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟರು. ವಿಕಿಸೋರ್ಸ್‌ನಲ್ಲಿ ಅದನ್ನು ಸ್ವಯಂಸೇವಕರು ಯುನಿಕೋಡ್‌ನಲ್ಲಿ ಹಾಕಿದರು. ಈಗ ಅದರ ಸಾಲುಗಳು ಗೂಗಲ್ಲಿನಲ್ಲಿ ಸಿಗುತ್ತವೆ. ಒಬ್ಬರು ಒಪ್ಪಿಗೆ ಕೊಟ್ಟು, ಹತ್ತು ಜನ ಕೂತು ಕೆಲಸ ಮಾಡಿದರೆ ಆಗುತ್ತದೆ.

ಬಿಸಿಲೂರು
ನಿಘಂಟು, ವಿಶ್ವಕೋಶ ಸರಿ. ಆದರೆ ಕೇಂಬ್ರಿಡ್ಜಿನವರ ಪಿಡಿಎಫ್ ಇಲ್ಲಿ ಯಾರು ಓದುತ್ತಾರೆ? ಹೇಗಿದ್ದರೂ ಓದುವವರು ಅಲ್ಲಿನವರೇ.

ದೂರದೂರಿನ ಕನ್ನಡಿಗ
ಇದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ರೂತ್ ಫಿನೆಗನ್ ಅವರು ಆಫ್ರಿಕಾದ ಮೌಖಿಕ ಸಾಹಿತ್ಯದ ಬಗ್ಗೆ 1970ರಲ್ಲಿ ಆಕ್ಸ್‌ಫರ್ಡ್‌ನಿಂದ ದೊಡ್ಡ ಪುಸ್ತಕ ತಂದರು. ಆ ವಿಷಯಕ್ಕೆ ಅದೇ ಅಡಿಪಾಯ. ಆಮೇಲೆ ಅಚ್ಚು ನಿಂತಿತು. ಯಾರ ಹಾಡು, ಯಾರ ಕಥೆ ಅದರಲ್ಲಿ ಇತ್ತೋ, ಆ ದೇಶಗಳ ವಿದ್ಯಾರ್ಥಿಗಳಿಗೇ ಅದು ಸಿಗುತ್ತಿರಲಿಲ್ಲ. 2012ರಲ್ಲಿ ಓದುಗರು ನೆಟ್‌ನಲ್ಲಿ ಚಂದಾ ಎತ್ತಿದರು. ಆ ಹಣದಿಂದ ಓಪನ್ ಬುಕ್ ಪಬ್ಲಿಷರ್ಸ್ ಹೊಸ ಆವೃತ್ತಿ ತಂದು ಎಲ್ಲರಿಗೂ ಬಿಟ್ಟರು, ಧ್ವನಿಮುದ್ರಣಗಳ ಸಮೇತ. ಆಫ್ರಿಕಾದಲ್ಲಿ ಈಗ ಮೊಬೈಲಿನಲ್ಲೇ ಅದನ್ನು ಓದಬಹುದು.

ನಮ್ಮ ಲಾವಣಿ, ಮಂಟೇಸ್ವಾಮಿ, ಜುಂಜಪ್ಪನ ಕಾವ್ಯದ ಬಗ್ಗೆ ಹೊರದೇಶದವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಹತ್ತು ಸಾವಿರ ರೂಪಾಯಿಗೆ ಮಾರಿದರೆ ಹಾಡಿದವರ ಮಕ್ಕಳು ಓದುವುದು ಹೇಗೆ? ನಾನು ಕೇಳುವುದು ಅದನ್ನು.

ಬಿಸಿಲೂರು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರಿ ಇದೆ ನೀವು ಹೇಳಿದ್ದು. ಆದರೆ ಬಡ್ತಿ ಸಮಿತಿ ಇದನ್ನು ಒಪ್ಪುತ್ತದಾ? ಅಲ್ಲಿ ಐಎಸ್‌ಬಿಎನ್ ಇದೆಯಾ ಅಂತ ಮಾತ್ರ ಕೇಳುತ್ತಾರೆ.

ಲೈಬ್ರರಿ ಮೇಡಂ
ಐಎಸ್‌ಬಿಎನ್ ಇರುತ್ತದೆ, ನೆಟ್‌ನಲ್ಲಿ ಪುಸ್ತಕವನ್ನು ಗುರುತಿಸುವ ಶಾಶ್ವತ ಸಂಖ್ಯೆ ಡಿಒಐ ಕೂಡ ಇರುತ್ತದೆ. ಅಚ್ಚಿನ ಪ್ರತಿ ಬೇಕು ಅಂದರೆ ತರಿಸಿ ಕೊಡಬಹುದು. ಸಮಿತಿಗೆ ಬೇಕಾದ ಎಲ್ಲವೂ ಇದೆ.

ಮೇಷ್ಟ್ರಿಗೆ ಒಂದೆರಡು ಮಾತು. ನಿಮ್ಮ ವಿದ್ಯಾರ್ಥಿನಿಗೆ ಹೇಳಿ, ಮೊದಲು ಡಿಒಎಬಿ ಪಟ್ಟಿ ನೋಡಲಿ. ತಜ್ಞರ ಪರಿಶೀಲನೆ ಆದ ಓಪನ್ ಆಕ್ಸೆಸ್ ಪುಸ್ತಕಗಳ ಸೂಚಿ ಅದು. ಪ್ರಕಾಶಕರ ಹೆಸರು ಅಲ್ಲಿದ್ದರೆ ಅವರು ತಂದ ಎರಡು ಪುಸ್ತಕ ತೆಗೆದು ಓದಲಿ. ಜರ್ನಲ್ ಆದರೆ ಡಿಒಎಜೆ. ಅಲ್ಲಿ ಶುಲ್ಕ ಇದೆಯೋ ಇಲ್ಲವೋ ಅಂತಲೂ ಹಾಕಿರುತ್ತಾರೆ. ಮೇಲ್ ಬಂದು ಕರೆಯುವವರಿಗೆ ಉತ್ತರ ಕೊಡುವುದೇ ಬೇಡ. ಪ್ರಬಂಧವನ್ನು ಹಾಗೇ ಕಳಿಸಬಾರದು, ಪುಸ್ತಕವಾಗಿ ತಿರುಗಿ ಬರೆಯಬೇಕು. ಇದನ್ನು ಮಾತ್ರ ತುಂಬಾ ಜನ ಬಿಡುತ್ತಾರೆ.

ಇತಿಹಾಸದ ಮೇಷ್ಟ್ರು
ತುಂಬಾ ಉಪಕಾರವಾಯಿತು ಮೇಡಂ. ಅವಳ ವಿಷಯ ಕೆರೆಗಳ ಶಾಸನಗಳು, ಬರೆದಿರುವುದು ಕನ್ನಡದಲ್ಲಿ. ಕನ್ನಡ ಪುಸ್ತಕಕ್ಕೆ ಇಂಥ ಪ್ರಕಾಶಕರು ಯಾರಾದರೂ ಇದ್ದಾರಾ?

ಮೊಳೆ ಜೋಡಿಸುವವ
ಮೇಷ್ಟ್ರೇ, ಹಸ್ತಪ್ರತಿ ನನಗೆ ಕಳಿಸಿ. ವಿಷಯ ಗೊತ್ತಿರುವ ಇಬ್ಬರಿಗೆ ಓದಲು ಕೊಡುತ್ತೇನೆ. ಅವರು ಒಪ್ಪಿದರೆ ಅಚ್ಚಿಗೆ ಹಾಕುತ್ತೇನೆ, ಲೇಖಕಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲ ಮುದ್ರಣದ ಖರ್ಚು ಹುಟ್ಟಿದ ಮೇಲೆ ಪಿಡಿಎಫ್ ತೆರೆದಿಡುತ್ತೇನೆ. ಮೊದಲ ದಿನವೇ ಬಿಡಿ ಅಂದರೆ ಆಗುವುದಿಲ್ಲ, ಇದು ನನ್ನ ಷರತ್ತು.

ಹಳಗನ್ನಡ ಹುಚ್ಚಿ
ಸರ್, ಖರ್ಚು ಹುಟ್ಟುವವರೆಗೆ ಅಂದರೆ ಎಷ್ಟು ವರ್ಷ? ಒಂದು ಗಡುವು ಹಾಕಿ. ಎರಡು ವರ್ಷ ಅಂತ ಒಪ್ಪಂದದಲ್ಲೇ ಬರೆಯಿರಿ.

ಮೊಳೆ ಜೋಡಿಸುವವ
ಮೂರು ವರ್ಷ ಮಾಡಿ.

ಶರಾವತಿ
ಲೈಬ್ರರಿಗಳು ಮುಂಗಡ ಕೊಟ್ಟರೆ ಗಡುವೇ ಬೇಡ ಅಲ್ವಾ? ಇಲ್ಲಿ ಎಷ್ಟು ಜನ ಗ್ರಂಥಪಾಲಕರಿದ್ದೀರಿ? ಕಾಲೇಜಿಗೆ ಐದು ಪ್ರತಿ ಮುಂಗಡ ಅಂದರೂ ಅವರ ಡಿಟಿಪಿ, ಕರಡಿನ ಖರ್ಚು ಏಳಬಹುದು.

ಲೈಬ್ರರಿ ಮೇಡಂ
ನಮ್ಮ ಕಾಲೇಜಿನಿಂದ ಐದು ಪ್ರತಿಗೆ ಪ್ರಾಂಶುಪಾಲರ ಹತ್ತಿರ ಈ ವಾರವೇ ಕೇಳುತ್ತೇನೆ. ಪ್ರತಿ ಕೈಗೆ ಬರುವ ಮೊದಲೇ ಹಣ ಕೊಡಲು ಆಡಿಟ್‌ನವರು ಒಪ್ಪುವುದಿಲ್ಲ, ಅದಕ್ಕೆ ಪ್ರೊಫಾರ್ಮಾ ಬಿಲ್ಲು, ಅಂದರೆ ಪುಸ್ತಕಕ್ಕೆ ಮೊದಲೇ ಕೊಡುವ ಬಿಲ್ಲು ಬೇಕಾಗುತ್ತದೆ. ಪ್ರಕಾಶಕರು ಕಳಿಸಿದರೆ ನಾನು ಫೈಲ್ ಮಾಡುತ್ತೇನೆ. ಬೇರೆ ಗ್ರಂಥಪಾಲಕರು ಇದ್ದರೆ ಇಲ್ಲೇ ಕೆಳಗೆ ಹೇಳಿ.

ಮಲ್ಲಿಗೆ ಮೊಗ್ಗು
ನಾನು ಪದವಿ ಕಾಲೇಜಿನ ಲೈಬ್ರರಿಯಲ್ಲಿ ಇದ್ದೇನೆ. ಮೂರು ಪ್ರತಿಗೆ ನಮ್ಮನ್ನೂ ಬರೆದುಕೊಳ್ಳಿ. ಒಂದೇ ಕೋರಿಕೆ, ಪಿಡಿಎಫ್ ಯುನಿಕೋಡ್‌ನಲ್ಲೇ ಇರಲಿ.